ಬಾಡಿಗೆ ಟೋಪಿ

ಟೋಪಿ ಬಸ್ಸಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಡೋರೀನ್ ಮೆಟ್ಟಿಲ ಮೇಲೆ, ಟೋಪಿಯ ಅರ್ಧ ಒಳಗೆ, ಅರ್ಧ ಹೊರಗೆ.

"ತಲೆ ಓರೆ ಮಾಡೇ ಮಾರಾಯ್ತಿ! ಸೋಫಾ ಇಳಿಸೋ ಥರ ಇಳಿಸ್ಬೇಕು ಅದನ್ನ," ಎಂದು ಕೆಳಗಿನಿಂದ ಗ್ಲೆನಿಸ್ ಕೂಗಿದಳು. ಹಿಂದಿದ್ದ ಹೆಂಗಸರೆಲ್ಲ ಕಿಸಕ್ಕೆಂದರು.

ಇಬ್ಬರೂ ಬಾರ್ನ್ಸ್ಲಿಯ ಒಂದೇ ಶಾಲೆಯಲ್ಲಿ ಮಕ್ಕಳಿಗೆ ಬಟಾಣಿ ಬೇಯಿಸುವವರು. ವರ್ಷವಿಡೀ ಅಡುಗೆಮನೆಯ ತಲೆಬಲೆಯೊಳಗೆ ಬಂದಿಯಾಗಿರುತ್ತಿದ್ದ ಅವರ ಕೂದಲಿಗೆ ಆಗಸ್ಟಿನಲ್ಲೊಂದು ದಿನ ಬಿಡುಗಡೆ. ಅದೇ ಯಾರ್ಕ್ ಕುದುರೆ ರೇಸಿನಲ್ಲಿ ಟೋಪಿ ತೊಟ್ಟು ಮೆರೆಯುವ ಹೆಂಗಸರ ದಿನ. ಡೋರೀನ್ ಪ್ರತಿ ಸಲವೂ ಒಂದೇ ಹಸಿರು ಟೋಪಿ ಹಾಕಿಕೊಂಡು ಬರುತ್ತಿದ್ದಳು. ಗ್ಲೆನಿಸ್ ಅದಕ್ಕೆ ಕೋಸುಗಡ್ಡೆ ಎಂದು ನಾಮಕರಣ ಮಾಡಿದ್ದಳು. ಈ ಸಲ ಕೋಸುಗಡ್ಡೆ ಕಪಾಟಿನಲ್ಲೇ ಉಳಿದಿತ್ತು. ತಲೆಯ ಮೇಲಿದ್ದದ್ದು ಬಾಡಿಗೆಗೆ ತಂದ ಗುಲಾಬಿ ಟೋಪಿ. ಮೊರದಷ್ಟು ಅಗಲ, ಮೇಲೆ ಯಾವುದೋ ಪಾಪದ ಹಕ್ಕಿಯ ಎರಡು ಗರಿ.

"ಯಾರಿಗೋಸ್ಕರ ಇಷ್ಟೆಲ್ಲ ಸಿಂಗಾರ?"

"ಕುದುರೆಗೆ," ಅಂದಳು ಡೋರೀನ್.

ಕುದುರೆಗಲ್ಲ. ಬೇಲಿಯ ಪಕ್ಕ ಸಾಲಾಗಿ ನಿಂತು ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿಗಳಲ್ಲಿ ಐದನೆಯವನಿಗೆ. ಸ್ಟ್ಯಾನ್ ಹಾರ್ಗ್ರೀವ್ಸ್ ಎಂದು ಅವನ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಡೋರೀನಳ ಗಂಡ ಗಣಿಯ ದೂಳು ನುಂಗಿ ತೀರಿಕೊಂಡ ಮಾರನೇ ವರ್ಷ ಅವಳು ಮೊದಲ ಸಲ ಬಾಜಿ ಕಟ್ಟಿದ್ದು ಇವನ ಹತ್ತಿರ. "ಬರ್ಕೊಳ್ಳಪ್ಪ, ಹಸಿರು ಟೋಪಿ ಅಮ್ಮಾವ್ರದ್ದು," ಎಂದು ಗುಮಾಸ್ತನಿಗೆ ಹೇಳಿ, ನಮಸ್ಕಾರದ ಹಾಗೆ ತನ್ನ ಕಂದು ಟೋಪಿ ಎತ್ತಿದ್ದ. ಊರಿಗೆಲ್ಲ ಟೋಪಿ ಹಾಕುವ ಕಸುಬಿನವನು ತನಗೆ ಟೋಪಿ ಎತ್ತಿದನಲ್ಲ ಎಂದು ಅವಳಿಗೆ ನಗು ಬಂದಿತ್ತು. ಆಮೇಲೆ ಪ್ರತಿ ವರ್ಷವೂ ಅಷ್ಟೇ. ಒಂದು ಬಾಜಿ, ಎರಡು ಮಾತು, ಟೋಪಿ ಎತ್ತುವುದು. ಒಂದು ಸಲ ಮಾತ್ರ ಬಸ್ಸು ಕೆಟ್ಟು ತಡವಾದಾಗ, "ದಾರಿ ನೋಡ್ತಾನೇ ಇದ್ದೆ," ಅಂದಿದ್ದ. ಆ ಮಾತನ್ನು ಹೊದ್ದುಕೊಂಡು ಅವಳು ಒಂದಿಡೀ ಚಳಿಗಾಲ ಕಳೆದಿದ್ದಳು.

ಈ ಸಲ ತನ್ನ ಹೆಸರು ಹೇಳಬೇಕು, ರೇಸು ಮುಗಿದ ಮೇಲೆ ಚಹಾ ಕುಡಿಯೋಣ ಬನ್ನಿ ಎಂದು ಕರೆಯಬೇಕು. ಕೋಸುಗಡ್ಡೆ ಹೊತ್ತುಕೊಂಡು ಕೇಳುವ ಮಾತೇ ಅದು?

ಮೈದಾನದೊಳಗೆ ಕುದುರೆಗಳನ್ನು ಬಿಟ್ಟು ಉಳಿದವರೆಲ್ಲ ಜೂಲು ತೊಟ್ಟುಕೊಂಡು ಬಂದಿದ್ದರು. ಗುಲಾಬಿ ಟೋಪಿಗೆ ಜನ ದಾರಿ ಬಿಟ್ಟರು. ಪತ್ರಿಕೆಯವನೊಬ್ಬ ಫೋಟೊ ತೆಗೆದ. ಡೋರೀನ್ ಎದೆ ಸೆಟೆಸಿ ಐದನೇ ಹಲಗೆಯ ಹತ್ತಿರ ಬಂದಳು. ಹೆಸರು ಅದೇ ಇತ್ತು. ಕೆಳಗೆ ನಿಂತಿದ್ದವನು ಬೇರೆ ಯಾರೋ ಹುಡುಗ.

"ಸ್ಟ್ಯಾನ್ ಇಲ್ವಾ?" ಅವಳು ಕೇಳಿದಳು.

"ಬದುಕಿದಾರೆ ಬಿಡಿ, ಮುಖ ಯಾಕೆ ಹಂಗೆ ಮಾಡ್ಕೊಂಡ್ರಿ?" ಹುಡುಗ ನಕ್ಕ. ಅದೇ ಮೂಗು, ಅಪ್ಪನದೇ. "ಮಂಡಿ ಕೈ ಕೊಡ್ತು ಕಣಮ್ಮಾ. ನಾಳೆ ಸ್ಕಾರ್ಬರೋಗೆ ತಂಗಿ ಮನೆಗೆ ಹೊರಟ್ರು, ಇನ್ನು ಅಲ್ಲೇ. ಇವತ್ತು ಮೇಲೆ ಸ್ಟ್ಯಾಂಡಲ್ಲಿ, ದೊಡ್ಡವರ ಗ್ಯಾಲರೀಲಿ ಕೂತಿದಾರೆ, ಆ ಗಡಿಯಾರದ ಕೆಳಗೆ. ದುರ್ಬೀನು ಬೇರೆ! ಕುದುರೆ ನೋಡ್ತಿದಾರಾ ಅಂದ್ರೆ, ಇಲ್ಲ. ಯಾರೋ ಹಸಿರು ಟೋಪಿ ಹೆಂಗಸನ್ನ ಹುಡುಕ್ತಿದಾರೆ."

"ಹಸಿರು ಟೋಪಿ?"

"ಹೆಸರೇನಪ್ಪಾ ಅಂದ್ರೆ ಗೊತ್ತಿಲ್ಲ ಅಂತಾರೆ. ಇಷ್ಟು ವರ್ಷದ ಗಿರಾಕಿಯಂತೆ, ಹೆಸರು ಗೊತ್ತಿಲ್ಲ! ಆಗ್ಲೇ ಕಂಡಕಂಡ ಹಸಿರು ಟೋಪಿಗೆಲ್ಲ ತಮ್ಮ ಟೋಪಿ ಎತ್ತಾಯ್ತು. ಒಬ್ಬಳ ಗಂಡ ಜಗಳಕ್ಕೇ ಬಂದ."

"ಅದು ನಾನೇ," ಅಂದಳು ಡೋರೀನ್. ಅಷ್ಟರಲ್ಲಿ ಕುದುರೆಗಳು ಹೊರಡುವ ಜಾಗಕ್ಕೆ ಬಂದವೆಂದು ಯಾರೋ ಕೂಗಿದರು. ನೋಟು ಹಿಡಿದ ಕೈಗಳು ಅವಳ ಹೆಗಲ ಮೇಲಿಂದ ನುಗ್ಗಿದವು. ಹುಡುಗ ಆಗಲೇ ಬೇರೆ ಯಾರಿಗೋ ಚೀಟಿ ಹರಿಯುತ್ತಿದ್ದ.

ಅವಳು ಸ್ಟ್ಯಾಂಡಿನ ಗೇಟಿಗೆ ಓಡಿದಳು. ಕಾವಲಿನ ಮುದುಕ ಅವಳ ಕೋಟಿಗೆ ಸಿಕ್ಕಿಸಿದ್ದ ಅಗ್ಗದ ಬಿಲ್ಲೆ ನೋಡಿದ.

"ಟೋಪಿ ಮೇಲಿನ ದರ್ಜೇದು, ಟಿಕೀಟು ಕೆಳಗಿನ ದರ್ಜೇದು. ಆಗಲ್ಲಮ್ಮಾ."

"ಒಬ್ಬರಿಗೆ ಒಂದು ಮಾತು ಹೇಳಿ ಬಂದ್ಬಿಡ್ತೀನಿ."

"ಎಲ್ಲರದ್ದೂ ಒಂದೇ ಮಾತು ಇರುತ್ತೆ. ನಾನು ಗೇಟು ಕಾಯ್ಬೇಕಲ್ಲ."

ಅವಳು ವಾಪಸು ಬಂದು ಐದನೇ ಹಲಗೆಯ ಪಕ್ಕ, ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಗಡಿಯಾರ ಕಂಡಿತು. ಕೆಳಗೆ ಸಾಲು ಸಾಲು ಮುಖ, ಬಟಾಣಿ ಚೆಲ್ಲಿದ ಹಾಗೆ. ಅಲ್ಲಿಂದ ಇಲ್ಲಿಗೆ ಏನು ಕಂಡೀತು? ಟೋಪಿಗಳು. ಹಸಿರು, ಹಳದಿ, ನೀಲಿ, ಗುಲಾಬಿ. ಒಂದರ ಕೆಳಗೂ ಮುಖ ಕಾಣಲಿಕ್ಕಿಲ್ಲ.

ಅವಳು ಕೈ ಎತ್ತಿ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು.

"ಏನೇ ಮಾಡ್ತಿದೀಯ?" ಎರಡು ಲೋಟ ಹಿಡಿದು ಬಂದ ಗ್ಲೆನಿಸ್ ಗಾಬರಿಯಾದಳು. "ಕೂದಲು ನೆಂದ ಕೋಳಿ ಥರ ಆಗಿದೆ! ಹಾಕ್ಕೊಳೇ, ಜನ ನೋಡ್ತಾರೆ."

"ನೋಡ್ಲಿ," ಎಂದ ಡೋರೀನ್ ಟೋಪಿಯನ್ನು ಅವಳ ತೋಳಿಗೆ ತುರುಕಿದಳು.

ಗಂಟೆ ಹೊಡೆಯಿತು. ಮೈದಾನದ ಅಷ್ಟೂ ಟೋಪಿಗಳು ಒಟ್ಟಿಗೆ ಓಟದ ಕಡೆ ತಿರುಗಿದವು. ಅವುಗಳ ನಡುವೆ ಟೋಪಿಯಿಲ್ಲದ ಒಂದೇ ಒಂದು ತಲೆ, ಚಪ್ಪಟೆಯಾದ ನರೆಗೂದಲಿನದು, ಓಟಕ್ಕೆ ಬೆನ್ನು ಮಾಡಿ ಮೇಲೆ ನೋಡುತ್ತಿತ್ತು. ನೆಲ ನಡುಗಿತು. ಕುದುರೆಗಳು ಅವಳ ಬೆನ್ನ ಹಿಂದೆ ಹಾದುಹೋದವು. ಸ್ಟ್ಯಾಂಡಿನ ಉದ್ದಕ್ಕೂ ದುರ್ಬೀನುಗಳ ಗಾಜುಗಳು ಬಿಸಿಲಿಗೆ ಮಿಂಚುತ್ತ ಅವುಗಳ ಜೊತೆಯಲ್ಲೇ ಓಡಿದವು.

ಗಡಿಯಾರದ ಕೆಳಗೆ ಒಂದು ಮಾತ್ರ ಓಡಲಿಲ್ಲ. ಅತ್ತ ಹೋಯಿತು, ಇತ್ತ ಬಂತು, ಆಮೇಲೆ ಅವಳ ಕಡೆ ತಿರುಗಿ ನಿಂತಿತು.