ಒಡೆಯದ ಲಕೋಟೆ

ಬೇರೆಯವರ ಕಾಗದ ಒಡೆಯುವುದೆಂದರೆ ಬೇರೆಯವರ ತಟ್ಟೆಗೆ ಕೈ ಹಾಕಿದಂತೆ ಎಂದು ನಂಬಿದವಳು ಅತ್ತಿಗೆ. ಮೈದುನ ಲಿಫ್ಟ್ ರಿಪೇರಿಗೆಂದು ಪರಊರಿಗೆ ಹೋಗಿದ್ದಾಗ, ವಿದೇಶೀಯರ ನೋಂದಣಿ ಕಚೇರಿಯಿಂದ ಅವನ ಹೆಸರಿಗೊಂದು ಲಕೋಟೆ ಬಂತು. ಸಹಿ ಹಾಕಿ ತೆಗೆದುಕೊಂಡು, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಜೋಪಾನವಾಗಿಟ್ಟಳು. ಫೋನಿನಲ್ಲೂ ಹೇಳಲಿಲ್ಲ. ಅಷ್ಟೆತ್ತರದಲ್ಲಿ ನೇತಾಡಿ ದುಡಿಯುವವನಿಗೆ ಸುಮ್ಮನೆ ತಲೆಬಿಸಿ ಯಾಕೆ? ಅವನು ಬಂದದ್ದು ಹದಿನೆಂಟನೆಯ ದಿನ. ಒಳಗಿದ್ದದ್ದು ಗಡೀಪಾರಿನ ನೋಟಿಸು; ಆಕ್ಷೇಪಣೆಗೆ ಕೊಟ್ಟಿದ್ದ ಗಡುವು ಹದಿನೈದು ದಿನ. ಏನೋ ತಪ್ಪಾಗಿರಬೇಕೆಂದು ವಿಚಾರಿಸಲು ತಾನಾಗಿಯೇ ಹೋದವನನ್ನು ಅಲ್ಲೇ ಹಿಡಿದಿಟ್ಟುಕೊಂಡರು.

ತಬ್ಬಲಿಯಾಗಿದ್ದ ಈ ಮೈದುನನನ್ನು ಎರಡು ವರ್ಷದ ಮಗುವಾಗಿದ್ದಾಗ ಸೊಂಟದ ಮೇಲೆ ಹೊತ್ತು ಗಡಿ ದಾಟಿದವಳು ಅವಳೇ. ಗಂಡನಿಗೂ ಅವಳಿಗೂ ಪೌರತ್ವ ಸಿಕ್ಕಿತು. ಮಗುವಿನ ಅರ್ಜಿ ಯಾವ ಕಪಾಟಿನಲ್ಲಿ ಕೊಳೆಯಿತೋ. ಗಂಡ ತೀರಿಕೊಂಡ ಮೇಲೆ ಅವಳಿಗೆ ಮಗ, ಮೈದುನ ಎಲ್ಲಾ ಇವನೊಬ್ಬನೇ.

"ಇರೋದು ಒಂದೇ ದಾರಿ ಅಮ್ಮ," ವಕೀಲ ಕಚೇರಿಯ ಪಡಸಾಲೆಯಲ್ಲಿ ಪಿಸುಗುಟ್ಟಿದ. "ನೋಟಿಸ್ ಬಂದೇ ಇಲ್ಲ ಅನ್ನಿ. ಆ ಸಹಿ ಕಾಗೆ ಕಾಲು ಗುಬ್ಬಿ ಕಾಲು, ಯಾರದ್ದು ಅಂತ ಅವರಿಗೂ ಗೊತ್ತಾಗಲ್ಲ. ಆಗ ವಿಚಾರಣೆ ಮತ್ತೆ ಮೊದಲಿಂದ ನಡೀಬೇಕಾಗುತ್ತೆ."

ಅವಳು ತಲೆಯಾಡಿಸಿದಳು. ಮೆಟ್ಟಿಲು ಹತ್ತುವಾಗ "ಬಂದಿಲ್ಲ, ಬಂದಿಲ್ಲ" ಎಂದು ಬಾಯಿಪಾಠವನ್ನೂ ಮಾಡಿದಳು.

ವಿಚಾರಣೆ ನಡೆದದ್ದು ನಾಲ್ಕೇ ನಿಮಿಷ. "ನೋಟಿಸ್ ತಲುಪಿತಾ?" ಅಧಿಕಾರಿ ಕಡತದಿಂದ ತಲೆಯೆತ್ತದೆ ಕೇಳಿದರು.

ಪ್ರಮಾಣ ಮಾಡಿದ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ. "ಬಂತು ಸ್ವಾಮಿ. ಒಡೀದೆ ಇಟ್ಟವಳು ನಾನು. ಅವನದೇನೂ ತಪ್ಪಿಲ್ಲ."

ತಪ್ಪೊಪ್ಪಿಕೊಂಡರೆ ಶಿಕ್ಷೆ ತನಗಾಗುತ್ತದೆ, ಹುಡುಗ ಪಾರಾಗುತ್ತಾನೆ ಎಂದುಕೊಂಡಿದ್ದಳು ಹುಚ್ಚಿ. ವಕೀಲ ಫೈಲು ಮುಚ್ಚಿದ. ಮನೆಯ ಹಿರಿಯರ ಕೈಗೆ ಕೊಟ್ಟರೆ ಅವನಿಗೇ ಕೊಟ್ಟಂತೆ, ಅವಧಿ ಮೀರಿದೆ, ಆಕ್ಷೇಪಣೆ ತಳ್ಳಿಹಾಕಲಾಗಿದೆ ಎಂದು ಅಧಿಕಾರಿ ಬರೆಸಿದರು. ಕಾನೂನಿನ ಪ್ರಕಾರ ಎಲ್ಲವೂ ಸರಿಯೇ. ಬೆಂಕಿ ಬೀಳಲಿ ಆ ಸರಿಗೆ.

ಹೊರಗೆ ಮೈದುನನ ಜೊತೆ ಎರಡು ನಿಮಿಷ ಮಾತಾಡಲು ಬಿಟ್ಟರು. ಅವನು ಒಂದು ಮಾತೂ ದೂರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಅತ್ತಿಗೆ, ಅಲ್ಲಿ ಇಳಿದ ಮೇಲೆ ಯಾರ ಮನೆಗೆ ಹೋಗ್ಲಿ? ನಮ್ಮೋರು ಯಾರಾದ್ರೂ ಇದಾರಾ?"

ಅಲ್ಲಿ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಅವಳು ಅವನ ಕಾಲರ್ ಸರಿಮಾಡಿದಳು.

"ಇದಾರೆ ಕಣೋ," ಅಂದಳು, ಚೂರೂ ತಡವರಿಸದೆ. "ನಿನ್ನ ಸೋದರತ್ತೆ ಇದಾರಲ್ಲ. ಕರ್ಕೊಂಡು ಹೋಗಕ್ಕೆ ಬರ್ತಾರೆ."

"ನಾನು ಅವರನ್ನ ನೋಡೇ ಇಲ್ವಲ್ಲ, ಗುರುತು ಹಿಡಿಯೋದು ಹೇಗೆ?"

"ನೀನು ಥೇಟ್ ನಿಮ್ಮಣ್ಣನ ಹಾಗಿದೀಯ. ಅಲ್ಲೇ ನಿಂತಿರು, ಅವರೇ ಗುರುತು ಹಿಡೀತಾರೆ."