ಕೊಲ್ಲಿಯ ಮೇಲೆ ನಿಲ್ಲಿಸಿದ ಮೋಡ

ಆ ಮನೆಯಲ್ಲಿ ಸಮುದ್ರ ಎಂದರೆ ಮಾವ ಕಂಪ್ಯೂಟರಿನೊಳಗೆ ಕಟ್ಟಿದ ಸಮುದ್ರ. ಅದರಲ್ಲಿ ಗಾಳಿ ಬೀಸುತ್ತಿತ್ತು, ನೀರು ಹರಿಯುತ್ತಿತ್ತು, ಬಿಸಿಲಿಗೆ ಕಾಯುತ್ತಿತ್ತು, ಎಲ್ಲವೂ ಲೆಕ್ಕದಲ್ಲಿ. ಮುಂದಿನ ಬೇಸಿಗೆಗೆ ನಿಜವಾದ ನೀರು ಎಷ್ಟು ಬಿಸಿಯಾಗಬಹುದು ಎಂದು ಈ ಲೆಕ್ಕದ ಸಮುದ್ರ ಮುಂಚೆಯೇ ಹೇಳಬೇಕಿತ್ತು. ಮಾವ ಪ್ರಾಯವನ್ನೆಲ್ಲ ಅದಕ್ಕೇ ಸುರಿದಿದ್ದರು. ಅವರು ನಿವೃತ್ತರಾದಾಗ ಅದನ್ನು ನೋಡಿಕೊಳ್ಳುವ ಕೆಲಸ ಅದೇ ಕಚೇರಿಯಲ್ಲಿದ್ದ ಸೊಸೆಯ ಪಾಲಿಗೆ ಬಂತು. ಮಗಳನ್ನು ಕೊಟ್ಟು ಕಳಿಸಿದ ಅಪ್ಪನ ಹಾಗೆ ಮಾವ ದಿನಾ ಸಂಜೆ, ಸೊಸೆ ಚಪ್ಪಲಿ ಬಿಡುವುದರೊಳಗೆ, "ಹೇಗಿದಾಳಮ್ಮ ನಮ್ಮ ಹುಡುಗಿ?" ಎಂದು ವಿಚಾರಿಸುತ್ತಿದ್ದರು.

"ಚೆನ್ನಾಗಿದಾಳೆ ಮಾವ. ಸ್ವಲ್ಪ ಹಟ ಜಾಸ್ತಿ" ಎನ್ನುತ್ತಿದ್ದಳು ಸೊಸೆ.

ಅತ್ತೆಗೆ ಒಳಗೊಳಗೇ ನಗು. ಹೆತ್ತ ಮಗ ಔಷಧಿ ಅಂಗಡಿ ಮುಚ್ಚಿ ಮನೆಗೆ ಬಂದರೆ ಬಂದೆಯಾ ಎಂದು ಕೇಳದ ಮನುಷ್ಯ ಇವರು. ಆದರೂ ಅತ್ತೆ ಆ ಎರಡು ಮಾತಿಗಾಗಿ ಕಾಯುತ್ತಿದ್ದರು. ನಿವೃತ್ತಿಯಾದ ಹೊಸತರಲ್ಲಿ ಮಾವ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಕರೆದರೆ ಹೂಂ, ಬಡಿಸಿದರೆ ಸಾಕು. ಆ ಮನುಷ್ಯನನ್ನು ಎಬ್ಬಿಸಿ ಕೂರಿಸಿದ್ದು ಸೊಸೆ ಸಂಜೆ ತರುತ್ತಿದ್ದ ಸಮುದ್ರದ ಸುದ್ದಿ.

ಒಂದು ಭಾನುವಾರ ಸೊಸೆ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅತ್ತೆ ಅದನ್ನು ಕೈಯಿಂದ ಕಿತ್ತು ಬೋರಲು ಹಾಕಿ, ಏನಾಯಿತು ಎಂದು ಕೇಳಿದರು. ಸೊಸೆ ಮೊದಲು ಏನಿಲ್ಲ ಎಂದಳು. ಆಮೇಲೆ ನಲ್ಲಿ ನಿಲ್ಲಿಸಿ, ದನಿ ತಗ್ಗಿಸಿ ಎಲ್ಲ ಹೇಳಿದಳು.

ಕರಾವಳಿಯ ಒಂದು ಕೊಲ್ಲಿಯಲ್ಲಿ ಜನ ನೀರಿಗೆ ಹಗ್ಗ ಇಳಿಬಿಟ್ಟು ಅದರ ಮೇಲೆ ಚಿಪ್ಪುಮೀನು ಬೆಳೆಸುತ್ತಾರೆ. ಹೋದ ವರ್ಷ ಕಚೇರಿಯವರು ಅವರಿಗೆ ಭಯವಿಲ್ಲ ಎಂದು ಹೇಳಿದ್ದರು. ಆದರೆ ನೀರು ಕಾದು, ಚಿಪ್ಪೆಲ್ಲ ಹಗ್ಗದಲ್ಲೇ ಬಾಯಿ ಬಿಟ್ಟು ಸತ್ತವು. ಅಂದಿನಿಂದ ಸೊಸೆ ತಪ್ಪು ಹುಡುಕುತ್ತಿದ್ದಳು. ಈ ವಾರ ಸಿಕ್ಕಿತು. ಲೆಕ್ಕದ ಸಮುದ್ರವನ್ನು ಚೌಕ ಚೌಕವಾಗಿ ಕತ್ತರಿಸಿರುತ್ತಾರೆ, ಒಂದೊಂದು ಚೌಕವೂ ನೀರಾಗಿರಬೇಕು, ಇಲ್ಲವೇ ನೆಲವಾಗಿರಬೇಕು. ಆ ಕೊಲ್ಲಿಗೂ ದೊಡ್ಡ ಸಮುದ್ರಕ್ಕೂ ನಡುವಿನ ದಾರಿ ಒಂದು ಚೌಕಕ್ಕಿಂತ ಕಿರಿದು. ಮಾವ ಯಾವ ಕಾಲದಲ್ಲೋ ಆ ಚೌಕಕ್ಕೆ ನೆಲ ಎಂದು ಬರೆದಿದ್ದರು. ದೋಣಿಗಳು ದಿನಾ ಓಡಾಡುವ ಕೊಲ್ಲಿ ಇವರ ಲೆಕ್ಕದಲ್ಲಿ ಮುಚ್ಚಿದ ಕೆರೆಯಾಗಿ ಕೂತಿತ್ತು. ಆಮೇಲೆ ನಕ್ಷೆ ಎಷ್ಟು ಸಲ ಹೊಸದಾದರೂ ಹಳೆಯದರ ಮೇಲೇ ಹೊಸದು ಬಿದ್ದು, ಆ ನೆಲ ಹಾಗೇ ಉಳಿದಿತ್ತು.

ಸೊಸೆ ಲೆಕ್ಕದಲ್ಲಿ ಆ ದಾರಿ ತೆರೆದಳು. ತೆರೆದರೆ ಕೊಲ್ಲಿ ನಂಬಲಾಗದಷ್ಟು ತಣ್ಣಗಾಯಿತು. ಅಂದರೆ ಇನ್ನೆಲ್ಲೋ ಏನೋ ಒಂದು ಬಿಸಿಯನ್ನು ತಿನ್ನುತ್ತಿದೆ. ಅದು ಏನೆಂದು ಅಲ್ಲಿ ಇಟ್ಟವರನ್ನು ಬಿಟ್ಟರೆ ಯಾರಿಗೂ ಗೊತ್ತಾಗುವ ಹಾಗಿಲ್ಲ. ಮರುದಿನ ಬೆಳಿಗ್ಗೆಯೇ ಕೊಲ್ಲಿಯ ಜನ ಈ ವರ್ಷದ ಮುನ್ಸೂಚನೆ ಕೇಳಲು ಬರುವವರಿದ್ದರು.

"ಹಾಗಾದ್ರೆ ಅವರನ್ನೇ ಕೇಳು" ಎಂದರು ಅತ್ತೆ. "ಅಲ್ಲೇ ಕೂತಿದಾರೆ, ಕಿತ್ತಳೆ ಸುಲೀತಾ."

"ಕೇಳ್ಬೇಕು ಅಂದ್ರೆ ಹೇಳ್ಬೇಕಲ್ಲ ಅತ್ತೆ. ನಿಮ್ಮ ಹುಡುಗಿಗೆ ಮೊದಲಿಂದಲೂ ಈ ಊನ ಇತ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ನೀವೇ ಒಂದು ಮಾತು..."

ಅತ್ತೆಗೆ ಗೋಡೆ ಕಡೆ ತಿರುಗಿದ ಆ ಬೆನ್ನು ಕಣ್ಣಿಗೆ ಕಟ್ಟಿತು. ಬಿಟ್ಟುಬಿಡು ತಾಯಿ, ಹೇಗೋ ಆಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಜೊತೆಗೇ ಇನ್ನೊಂದು ನೆನಪಾಯಿತು. ಚಿಪ್ಪು ಸತ್ತ ಸುದ್ದಿ ಟೀವಿಯಲ್ಲಿ ಬಂದ ದಿನ ಮಾವ ತಟ್ಟೆ ಸರಿಸಿ ಎದ್ದಿದ್ದರು. ಹಸಿವಿಲ್ಲ ಎಂದಿದ್ದರು. ನೋವು ಆಗಲೇ ಒಳಗೆ ಹೋಗಿ ಕೂತಿದೆ, ಇನ್ನು ಬಚ್ಚಿಟ್ಟು ಯಾರನ್ನು ಕಾಯುವುದು?

"ನಾನು ಹೇಳಲ್ಲ" ಎಂದರು. "ನಾನು ಹೇಳಿದ್ರೆ ಮನೆ ಮಾತಾಗುತ್ತೆ, ಮುಖ ಊದಿಸ್ಕೋತಾರೆ. ನೀನು ಕೇಳಿದ್ರೆ ಅದು ಕೆಲಸದ ಮಾತು. ನಡಿ, ನಾನೂ ಬರ್ತೀನಿ."

ಸೊಸೆ ಮಾವನ ಎದುರು ಕೂತು ಸುತ್ತಿಬಳಸದೆ ಹೇಳಿದಳು. ಮಾವ ಕೇಳುತ್ತ ಕೇಳುತ್ತ ಕಿತ್ತಳೆ ಸಿಪ್ಪೆಯನ್ನು ಒಂದೆಡೆ ಗುಡ್ಡೆ ಮಾಡಿದರು. ಮಾತು ಮುಗಿದಾಗ ಎದ್ದು, ನೀರಿನ ಚೊಂಬು ಹಿಡಿದು ಬಾಲ್ಕನಿಗೆ ಹೋದರು. ಬೆಳಿಗ್ಗೆಯೇ ನೀರು ಕುಡಿದು ಸಾಕಾಗಿದ್ದ ಹೂವಿನ ಕುಂಡಗಳಿಗೆ ಮತ್ತೆ ನೀರು ಬಿತ್ತು. ಸೊಸೆಯ ಮುಖ ಬಿಳಿಚಿಕೊಂಡಿತು. ಅತ್ತೆ ಅವಳ ಕೈ ಒತ್ತಿ ಹಿಡಿದು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

ಚೊಂಬು ಖಾಲಿಯಾದ ಮೇಲೆ ಮಾವ ಬಾಗಿಲಲ್ಲೇ ನಿಂತು, "ಮೋಡ ತೆಗೆದ್ಯಾ?" ಎಂದು ಕೇಳಿದರು.

"ಯಾವ ಮೋಡ ಮಾವ?"

"ಕೊಲ್ಲಿ ಮೇಲೆ ಒಂದು ಮೋಡ ನಿಲ್ಲಿಸಿಟ್ಟಿದೀನಿ. ಬಿಸಿಲಿನ ಲೆಕ್ಕದಲ್ಲಿದೆ, ಅದೊಂದು ಜಾಗಕ್ಕೆ ಮಾತ್ರ." ಅವರು ಬಂದು ಕೂತರು. "ಆಗಿನ ಕಂಪ್ಯೂಟರಿಗೆ ಅಷ್ಟು ಸಣ್ಣ ದಾರೀಲಿ ನೀರು ಹರಿಸೋಕೆ ಬರ್ತಿರಲಿಲ್ಲ. ಹುಚ್ಚು ಹಿಡಿದ ಹಾಗೆ ನುಗ್ಗಿ ಇಡೀ ಲೆಕ್ಕ ಕುಸಿದುಬೀಳ್ತಿತ್ತು. ಆವತ್ತು ಇವಳಿಗೆ ಜ್ವರ ಏರಿದೆ ಅಂತ ಫೋನು ಬಂತು. ನಾಳೆ ನೋಡೋಣ ಅಂತ ದಾರಿ ಮುಚ್ಚಿ ಬಂದೆ."

"ನನ್ನ ತಲೆಗೆ ಕಟ್ಬೇಡಿ ಅದನ್ನ" ಎಂದರು ಅತ್ತೆ.

"ಕಟ್ತಿಲ್ಲ ಮಾರಾಯ್ತಿ. ನಿನ್ನ ಜ್ವರ ಬಿಟ್ಟ ಮೇಲೂ ನಾನು ತೆಗೀಲಿಲ್ಲ. ದಾರಿ ಮುಚ್ಚಿದ್ದಕ್ಕೆ ಕೊಲ್ಲಿ ಸುಮ್ಸುಮ್ನೆ ಬಿಸಿಯಾಗ್ತಿದೆ ಅಂತ ಆಮೇಲೆ ಮೋಡ ನಿಲ್ಲಿಸಿ ನೆರಳು ಮಾಡಿದೆ. ಲೆಕ್ಕ ಸರಿಹೋಯ್ತು, ನಾನೂ ಮರೆತೆ." ಖಾಲಿ ಚೊಂಬನ್ನು ಪಕ್ಕಕ್ಕಿಟ್ಟು, "ಹೋದ ವರ್ಷ ಊರಿಗೆಲ್ಲ ಬಿರುಬಿಸಿಲು. ನಮ್ಮ ಲೆಕ್ಕದಲ್ಲಿ ಮಾತ್ರ ಆ ಬಡಪಾಯಿಗಳ ಮೇಲೆ ಮೋಡ" ಎಂದರು.

ಸೊಸೆಗೆ ನಗು ಬಂತೋ ಅಳು ಬಂತೋ, ಸೆರಗಿಲ್ಲದವಳು ಅತ್ತೆಯ ಸೆರಗಿಗೇ ಮುಖ ಒರೆಸಿಕೊಂಡಳು.

ಆಮೇಲೆ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಸೊಸೆ ಲ್ಯಾಪ್‌ಟಾಪ್ ತಂದಿಟ್ಟಳು, ಮಾವ ಕನ್ನಡಕ ಏರಿಸಿದರು. ಮೋಡ ಸಿಕ್ಕಿತು, ತೆಗೆದರು. ದಾರಿಯ ಆಳ ಎಷ್ಟಿರಬೇಕೆಂದು ಇಬ್ಬರಿಗೂ ಜಟಾಪಟಿ ಆಯಿತು. ಮಾವ ನನಗೆ ಹೇಳಿಕೊಡಬೇಡ ಎಂದರು, ಸೊಸೆ ನೀವು ಅಳೆದದ್ದು ನಮ್ಮ ಮದುವೆಗಿಂತ ಹಿಂದೆ ಎಂದಳು, ಕೊನೆಗೆ ಹೊಸ ಅಳತೆಯೇ ಗೆದ್ದಿತು. ಮಗ ಬಂದು ಊಟ ಕೇಳಿದಾಗ ಮೂವರೂ ಒಲೆಯ ಕಡೆ ಕೈ ತೋರಿಸಿದರು. ಕಚೇರಿಯ ದೊಡ್ಡ ಕಂಪ್ಯೂಟರಿಗೆ ಕೊಟ್ಟಿದ್ದ ಲೆಕ್ಕ ಸಂಜೆಗೆ ಮುಗಿದು ಬಂತು. ಬೇಸಿಗೆಯ ಕೊನೆಗೆ ಕೊಲ್ಲಿ ಹೋದ ವರ್ಷಕ್ಕಿಂತಲೂ ಬಿಸಿಯಾಗುವ ಹಾಗಿತ್ತು. ಹಿಂದಿನ ವರ್ಷಗಳನ್ನೂ ಹೀಗೇ ಓಡಿಸಿ ನೋಡಿದರು. ಚಿಪ್ಪು ಸತ್ತ ಆ ಬೇಸಿಗೆ, ಆದದ್ದು ಆದ ಹಾಗೇ, ಪರದೆಯ ಮೇಲೆ ಕೆಂಪಾಗಿ ಬಂತು. ಅದನ್ನು ನೋಡಿ ಮಾವ ಕನ್ನಡಕ ತೆಗೆದಿಟ್ಟರು.

ಮರುದಿನ ಅವರು ತಾನೂ ಬರುತ್ತೇನೆ ಎಂದರು. ಇವರನ್ನು ನಂಬಿ ಕಳಿಸುವ ಧೈರ್ಯವಿಲ್ಲದೆ ಅತ್ತೆಯೂ ಹೊರಟರು. ಕಚೇರಿಯ ಉದ್ದ ಕೋಣೆಯಲ್ಲಿ ಬಿಸಿಲಿಗೆ ಕಂದಿದ ಮುಖದ ಹೆಂಗಸರು ಗಂಡಸರು ಕುರ್ಚಿ ತುಂಬ ಕೂತಿದ್ದರು. ಈ ವರ್ಷ ಸೆಕೆ ಏರುವ ಮೊದಲೇ ಹಗ್ಗ ಎತ್ತಿಬಿಡಿ, ಚಿಪ್ಪು ಸಣ್ಣದಿದ್ದರೂ ಸರಿ ಎಂದು ಸೊಸೆ ಹೇಳಿದಳು. ಹೋದ ವರ್ಷ ಹೇಳಿದ್ದು ತಪ್ಪಾಗಿತ್ತು, ಲೆಕ್ಕದಲ್ಲಿ ನಿಮ್ಮ ಕೊಲ್ಲಿಯ ದಾರಿಯೇ ಮುಚ್ಚಿತ್ತು ಎಂದೂ ಹೇಳಿದಳು. ಮುಂದಿನ ಸಾಲಿನ ಬಿಳಿಗಡ್ಡದವರೊಬ್ಬರು ಮೆಲ್ಲನೆ, "ಮುಚ್ಚಿದ್ದು ಯಾರಮ್ಮ?" ಎಂದರು.

ಮಾವ ಕುರ್ಚಿಯ ಕೈಗಳನ್ನು ಹಿಡಿದು ಏಳಹೊರಟರು.

"ಮಾವ, ಕೂತ್ಕೊಳ್ಳಿ" ಎಂದಳು ಸೊಸೆ. ಕಚೇರಿಯಲ್ಲಿ ಅವಳು ಅವರನ್ನು ಯಾವಾಗಲೂ ಸರ್ ಎನ್ನುತ್ತಿದ್ದವಳು. "ಮುಚ್ಚಿದ್ದು ಇವರು. ಅದನ್ನ ನೋಡದೆ ಹೋದ ವರ್ಷ ನಿಮಗೆ ಭಯವಿಲ್ಲ ಅಂದಿದ್ದು ನಾನು. ನಿನ್ನೆ ಇಬ್ಬರೂ ಕೂತು ತೆರೆದಿದೀವಿ."

ಗಡ್ಡದವರು ಒಮ್ಮೆ ಅವಳನ್ನು, ಒಮ್ಮೆ ಮಾವನನ್ನು ನೋಡಿದರು. ಹೋದ ವರ್ಷದ ನಷ್ಟ ಅವರ ಮುಖದಿಂದ ಇನ್ನೂ ಇಳಿದಿರಲಿಲ್ಲ. ಆಮೇಲೆ ಉಸಿರು ಬಿಟ್ಟು, "ಅಷ್ಟು ಬೇಗ ಹಗ್ಗ ಎತ್ತೋಕೆ ನಮಗೆ ಆಳು ಸಾಲಲ್ಲ. ಇಬ್ಬರೂ ಬಂದು ಎತ್ತಿ ಹಾಗಾದ್ರೆ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಾವ ನಗಲಿಲ್ಲ. "ಯಾವತ್ತು ಬರಲಿ?" ಎಂದು ಕೇಳಿದರು.

ಮಂಡಿನೋವಿನ ಆ ಮನುಷ್ಯನಿಗೆ ಮನೆಯ ಮೆಟ್ಟಿಲು ಹತ್ತುವುದೇ ಕಷ್ಟ, ಇನ್ನು ದೋಣಿ ಹತ್ತುವುದು ದೂರದ ಮಾತು ಎಂದು ಅತ್ತೆಗೆ ಗೊತ್ತಿತ್ತು. ಆದರೂ ಅತ್ತೆ ಬೇಡ ಎನ್ನಲಿಲ್ಲ. ದಿನ ಗೊತ್ತಾಗಲಿ ಎಂದು ಅವರೂ ಕಿವಿಗೊಟ್ಟು ಕೂತರು.