ಕಾಡುಕತ್ತೆಗಳ ಬಯಲಿನಲ್ಲಿ ಉಬ್ಬರ

ಹಿರೇಗುತ್ತಿಯ ನಿತ್ಯಾನಂದ ಮೂವತ್ತು ವರ್ಷದಿಂದ ಹೊಳೆದಂಡೆಯ ಗಜನಿಗದ್ದೆಯ ಒಡ್ಡು ಕಾಯುವವ. ಅಘನಾಶಿನಿ ಹೊಳೆಯಲ್ಲಿ ಉಬ್ಬರ ಏರಿದಾಗ ಉಪ್ಪುನೀರು ಗದ್ದೆಗೆ ನುಗ್ಗದಂತೆ ಒಡ್ಡಿನ ಕಿಂಡಿಗೆ ಹಲಗೆ ಇಳಿಸುವುದು ಅವನ ಕೆಲಸ. ಹೊಳೆಯೇ ಎರಡು ಸಲ ತಡವಾಗಿ ಬಂದದ್ದುಂಟು, ಅವನು ತಡವಾಗಿ ಬಂದದ್ದಿಲ್ಲ.

ಅಂಥವನನ್ನು, ಹೆಂಡತಿಯ ತಮ್ಮ, ಗುಜರಾತಿನಲ್ಲಿ ಲಾರಿ ಓಡಿಸುವ ವಿನೋದ, ಕಾಡುಕತ್ತೆಗಳ ಮರುಭೂಮಿಗೆ ಕರೆದೊಯ್ದ. ಹೆಂಡತಿ ಮಾದೇವಿಯೂ ಹೊರಟಳು.

"ಡೇರೆ ಹಾಕೂಕೆ ಪುಕ್ಕಟೆ, ಭಾವ. ನಡಿಯೂಕೂ ಪುಕ್ಕಟೆ."

ನೆಲ ಕಂಡದ್ದೇ ನಿತ್ಯಾನಂದ ಕುಕ್ಕರಗಾಲಲ್ಲಿ ಕೂತ. ಬಿರುಕು ಬಿಟ್ಟ ಕೆಸರು, ಮೇಲೆ ಬಿಳಿ ಪೊರೆ. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿದ. ಉಪ್ಪು. ಇದು ನೀರು ಇಳಿದ ಗಜನಿಯೇ. ಒಡ್ಡು ಮಾತ್ರ ಎಲ್ಲೂ ಇಲ್ಲ.

"ಇಲ್ಲಿ ನೀರು ಎಷ್ಟೊತ್ತಿಗೆ ಏರ್ತದೆ?"

"ಸಮುದ್ರ ಎಲ್ಲೋ ಉಂಟು! ಸುಮ್ನೆ ಕತ್ತೆ ನೋಡಿ, ಭಾವ."

ಮರುದಿನ ಮಾದೇವಿ ಡೇರೆಯಲ್ಲಿ ಮಲಗಿದಳು, ಗಂಡಸರು ನಡೆಯಲು ಹೊರಟರು. ಒಂದು ಮೈಲಿ ಹೋಗಿ ನಿತ್ಯಾನಂದ ತಿರುಗಿ ನೋಡಿದ. ನೀರು! ಡೇರೆಯ ಬುಡ ಮುಳುಗಿತ್ತು. ಕತ್ತೆಗಳು ಹೊಟ್ಟೆಮಟ್ಟ ನೀರಲ್ಲಿ ನಿಂತಿದ್ದವು. ಗಡಿಯಾರ ನೋಡಿದ: ಸರಿಯಾಗಿ ಹನ್ನೆರಡು. ಮಾದೇವಿಗೆ ಈಜು ಬರದು.

ಓಡಿದ. ಅವನು ಓಡಿದಷ್ಟೂ ನೀರು ಹಿಂದೆ ಸರಿಯಿತು. ಅದೇ ಅವನನ್ನು ಇನ್ನಷ್ಟು ಹೆದರಿಸಿತು. ಸುನಾಮಿಯೂ ಮೊದಲು ಹಿಂದೆ ಸರಿದೇ ಬರುವುದು. ಮಲಗಿದ್ದವಳನ್ನು ಹೆಗಲಿಗೇರಿಸಿ ಪಕ್ಕದ ದಿಬ್ಬ ಹತ್ತಿದ.

"ಎಂತ ಆತು ನಿಮ್ಗೆ? ಪ್ರಾಯ ಎಷ್ಟು ಅಂತ ನೆನಪುಂಟಾ?" ಮಾದೇವಿ ಅವನ ಬೆನ್ನಿಗೆ ಗುದ್ದಿದಳು.

"ಅತ್ತ ನೋಡು."

ನೋಡಿದಳು. ನಾಲ್ಕೂ ಕಡೆ ನೀರು ಹೊಳೆಯುತ್ತಿತ್ತು. ಬೈಗುಳ ನಿಂತಿತು.

"ಅಯ್ಯೋ, ನನ್ ಚಪ್ಪಲಿ ಕೆಳಗೇ ಉಳೀತು!" ಅವನ ಕೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು.

ಅಷ್ಟರಲ್ಲಿ ವಿನೋದ ಆ ನೀರಿನ ಮೇಲೇ ನಡೆದುಕೊಂಡು ಬಂದ. ಕಾಲು ಒದ್ದೆಯಾಗಿರಲಿಲ್ಲ.

"ಅದು ಬಿಸಿಲುಗುದುರೆ, ಭಾವ! ಕತ್ತೆ ತೋರ್ಸೂಕೆ ಕರ್ಕಂಡು ಬಂದ್ರೆ ಕುದುರೆಗೆ ಹೆದರ್ತೀರಲ!"

ಮರುದಿನ ನಿತ್ಯಾನಂದ ಗಡಿಯಾರ ಹಿಡಿದು ಮತ್ತೆ ದಿಬ್ಬದ ಮೇಲೆ ನಿಂತ. ಊರಿನ ಉಬ್ಬರ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹಿಂದೆ ಬೀಳುತ್ತದೆ. ಚಂದ್ರ ಹೇಳಿದ ಹಾಗೆ ಕೇಳುವ ನೀರು ಅದು. ಇಲ್ಲಿಯದು ಮತ್ತೆ ಹನ್ನೆರಡಕ್ಕೇ ಬಂತು. ಒಂದು ನಿಮಿಷ ಆಚೀಚೆ ಇಲ್ಲ.

ಅವನು ಗಡಿಯಾರವನ್ನು ಕಿವಿಗಿಟ್ಟು ನೋಡಿದ.

"ಈಗಾದ್ರೂ ನಂಬಿದ್ರಾ?" ವಿನೋದ ಕೇಳಿದ.

"ನಂಬ್ದೆ ಮಾರಾಯ. ಚಂದ್ರನ ಮಾತೂ ಕೇಳೂದಿಲ್ಲ ಇದು. ಇಂಥ ನೀರಿಗೆ ಹಲಗೆ ಇಳಿಸೂದು ನನ್ ಕೈಲಿ ಆಗೂದಲ್ಲ. ಏ ಮಾದೇವಿ, ಚಪ್ಪಲಿ ಹಾಕು, ಹೊರಡುವ."

ಮಾದೇವಿ ಆಗಲೇ ಹಾಕಿಕೊಂಡಿದ್ದಳು.